ದುಂಬಿಗೆ ಬೇಡದ ಚಪ್ಪಾಳೆ

ಬೆಳಿಗ್ಗೆ ಹನ್ನೊಂದೂವರೆ. ಗದಗದ ಒಂದು ಪಿಯು ಕಾಲೇಜಿನ ಸಭಾಂಗಣದಲ್ಲಿ, ಪರದೆಯ ಮೇಲೆ ಶಾಂಭವಿಯ ವಿಡಿಯೋ ಓಡುತ್ತಿತ್ತು.

ಎಡಗಾಲಿಗೆ ಆಸರೆಯ ಕಬ್ಬಿಣದ ಕ್ಯಾಲಿಪರ್ ಕಟ್ಟಿದ ಹುಡುಗಿ, ಫಿಸಿಕ್ಸ್ ಲ್ಯಾಬಿನ ಮೆಟ್ಟಿಲುಗಳನ್ನು ಕುಳಿತುಕೊಂಡೇ ಒಂದೊಂದಾಗಿ ಏರುತ್ತಿದ್ದಳು... ಹಿನ್ನೆಲೆಯಲ್ಲಿ ಕೊಳಲಿನ ಸಂಗೀತ ಬೇರೆ.

ಮುಂದಿನ ಸಾಲಿನಲ್ಲಿದ್ದ ಶಾಂಭವಿ ಪರದೆಯಿಂದ ಮುಖ ತಿರುಗಿಸಿದಳು. ಇದನ್ನು ಯಾರು, ಯಾವಾಗ ತೆಗೆದರೆಂಬುದೇ ಅವಳಿಗೆ ಗೊತ್ತಿರಲಿಲ್ಲ.

ಲ್ಯಾಬ್ ಎರಡನೇ ಮಹಡಿಯಲ್ಲಿತ್ತು. ಹತ್ತಲಾಗದ ದಿನ ಪ್ರಾಕ್ಟಿಕಲ್ ತಪ್ಪುತ್ತಿತ್ತು. ಇನ್ನಷ್ಟು ತಪ್ಪಿದರೆ ಪರೀಕ್ಷೆಗೇ ಕೂರಿಸುವುದಿಲ್ಲ.

"ಪ್ರಾಕ್ಟಿಕಲ್ ಕೆಳಗಿನ ಖೋಲಿಯೊಳಗ ಮಾಡ್ರಿ ಸರ್" ಎಂದು ಜೂನ್‌ನಿಂದ ಕೇಳುತ್ತಿದ್ದಳು. "ನೋಡೋಣು, ನೋಡೋಣು" ಎನ್ನುತ್ತಿದ್ದರು ಪ್ರಿನ್ಸಿಪಾಲರು.

ವೇದಿಕೆಯ ಮೇಲಿದ್ದ ಅತಿಥಿ ಭಾಷಣಕಾರರು ಮೈಕ್ ಹಿಡಿದರು.

"ಮಕ್ಕಳೇ, ಬಂಬಲ್‌ಬೀ ಅಂತ ಒಂದು ದಪ್ಪ ದುಂಬಿ. ಅಷ್ಟು ಚಿಕ್ಕ ರೆಕ್ಕೇಲಿ ಅದು ಹಾರೋಕೆ ಸಾಧ್ಯವೇ ಇಲ್ಲ ಅನ್ನುತ್ತೆ ವಿಜ್ಞಾನ! ಆದ್ರೆ ದುಂಬಿಗೆ ಆ ವಿಷಯ ಗೊತ್ತಿಲ್ಲ... ಅದಕ್ಕೇ ಹಾರುತ್ತೆ! ಈ ಪಾಪದ ಹುಡುಗೀನೂ ಅಷ್ಟೇ. ಬಾಮ್ಮ, ಮೇಲೆ ಬಾ!"

ವೇದಿಕೆಗೂ ಮೆಟ್ಟಿಲುಗಳಿದ್ದವು. ಇಬ್ಬರು ಅವಳನ್ನು ಕಂಕುಳಿಗೆ ಕೈಹಾಕಿ ಮೂಟೆಯಂತೆ ಎತ್ತಿದರು.

ಭಾಷಣಕಾರರ ಬೆವತ ಅಂಗೈ ಅವಳ ತಲೆಯ ಮೇಲೆ ಬಂತು. ಮೊಬೈಲುಗಳು ಮೇಲೆದ್ದವು. ಪ್ರಿನ್ಸಿಪಾಲರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಅದನ್ನು ನೋಡಿ ಅವಳಿಗೆ ಹೇಸಿಗೆಯಾಯಿತು.

"ಜೋರಾದ ಚಪ್ಪಾಳೆ! ಹೇಳಮ್ಮ, ಇಷ್ಟು ಶಕ್ತಿ ಎಲ್ಲಿಂದ ಬಂತು?"

ಶಾಂಭವಿ ಮೈಕ್ ತೆಗೆದುಕೊಂಡಳು.

"ಸರ್, ದುಂಬಿ ಹಾರೂದು ಆ ವಿಷಯ ಗೊತ್ತಿಲ್ಲ ಅಂತಲ್ರೀ... ಹಾರೂವಂಥಾ ರೆಕ್ಕಿ ಅದಾವ, ಅದಕ್ಕ. ಸೆಕೆಂಡಿಗೆ ಸುಮಾರು ಇನ್ನೂರು ಸಲ ಹಿಂದ ಮುಂದ ಬೀಸತೈತಿ, ಬೀಸಿದಾಗೊಮ್ಮೆ ರೆಕ್ಕಿ ಹೊರಳಿಸತೈತಿ. ರೆಕ್ಕಿ ಮ್ಯಾಲ ಗಾಳಿ ಸುಳಿ ಏಳತೈತಿ, ಆ ಸುಳಿ ಅದನ್ನ ಎತ್ತತೈತಿ. ವಿಮಾನದ ಲೆಕ್ಕಾ ದುಂಬಿಗೆ ಹಾಕಿದ್ರ ತಪ್ಪಽ ಬರತೈತ್ರಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಅಯ್ಯೋ ಪುಟ್ಟಾ, ಅದು ಸ್ಫೂರ್ತಿಗೆ ಹೇಳೋ ಮಾತು..."

"ನನಗ ರೆಕ್ಕಿ ಇಲ್ರಿ. ಆ ವಿಡಿಯೋದಾಗ ನಾ ಹಾರಾಕತ್ತಿಲ್ಲ, ತೆವಳಾಕತ್ತೀನಿ. ಆ ಮೆಟ್ಟಲದ ಮ್ಯಾಲ ಗುಟ್ಕಾ ಉಗುಳಿರ್ತಾರ್ರಿ. ದಿನಾ ಅದರ ಮ್ಯಾಲ ಕುಂತು ಹತ್ತೀನಿ, ಯೂನಿಫಾರ್ಮ್ ಒರಸ್ಕೊಂಡು ಲ್ಯಾಬಿಗೆ ಹೋಗ್ತೀನಿ. ನನ್ನ ನೋಡಿ ಅಳಬ್ಯಾಡ್ರಿ... ಲ್ಯಾಬ್ ಕೆಳಗ ತರ್ರಿ."

ಚಪ್ಪಾಳೆ ಬರಲಿಲ್ಲ. ಪ್ರಿನ್ಸಿಪಾಲರು ಕರವಸ್ತ್ರ ಮಡಚಿ ಜೇಬಿಗಿಟ್ಟುಕೊಂಡರು.

ಅಷ್ಟರಲ್ಲಿ ಗೆಳತಿ ರುಬೀನಾ ಬಿಕ್ಕುತ್ತಾ ಎದ್ದು ನಿಂತಳು.

"ಆ ವಿಡಿಯೋ ನಾನಽ ತಗದಿದ್ನಿ ಲೇ... ನಿನಗ ಏನರ ಬಹುಮಾನ ಕೊಡ್ತಾರ ಅಂತ ಪ್ರಿನ್ಸಿಪಾಲ್ ಸರ್‌ಗೆ ಕಳಿಸಿದ್ನಿ. ತಪ್ಪಾತು..."

ಆಗ ಮಾತ್ರ ಶಾಂಭವಿಯ ಕಣ್ಣು ತುಂಬಿತು.

"ಅಳೂದ ಆಮ್ಯಾಲ ಅಳೂವಂತಿ. ಮೊದಲ ನನ್ನ ಇಲ್ಲಿಂದ ಇಳಸ ಬಾ ಲೇ!"

ತೆಗೆಯಬಹುದಾದ ಕಷ್ಟವನ್ನು ತೆಗೆಯದೆ, ಅದನ್ನು ಸಹಿಸಿದವರಿಗೆ ಚಪ್ಪಾಳೆ ತಟ್ಟುವುದು ಹೇಸಿಗೆಯ ಕೆಲಸ.

ನೀವು ಕಳೆದ ಸಲ ಕಣ್ಣೊರೆಸಿಕೊಂಡು ಫಾರ್ವರ್ಡ್ ಮಾಡಿದ ವಿಡಿಯೋದಲ್ಲಿದ್ದವರಿಗೆ ನಿಜವಾಗಿ ಏನು ಬೇಕಿತ್ತು... ಯಾರಾದರೂ ಕೇಳಿದ್ದರೇ?

ಮುಂದಿನ ಸೋಮವಾರ ಫಿಸಿಕ್ಸ್ ಪ್ರಾಕ್ಟಿಕಲ್ ಕೆಳಗಿನ ಕೋಣೆಯಲ್ಲಿ ನಡೆಯಿತು. ಮೇಜುಗಳನ್ನು ಇಳಿಸಲು ಅರ್ಧ ದಿನವಷ್ಟೇ ಹಿಡಿಯಿತು.