ಕೆಂಪು ದಾರದ ಹಗ್ಗ

ಹಗ್ಗಕ್ಕೆ ಒಂಬತ್ತು ಸಾವಿರ. ಬೂಟಿಗೆ ನಾಲ್ಕು. ಹೆಲ್ಮೆಟ್ಟಿಗೆ ಎರಡೂವರೆ. ಸೊಂಟಪಟ್ಟಿ, ಕಬ್ಬಿಣದ ಕೊಕ್ಕೆಗಳು, ಹಣೆಗೆ ಕಟ್ಟುವ ಟಾರ್ಚು ಎಲ್ಲ ಸೇರಿ ಇನ್ನೊಂದು ಐದು. ಒಬ್ಬ ಮನುಷ್ಯ ಬೆಟ್ಟ ಹತ್ತಿ ಜೀವಸಹಿತ ಇಳಿಯಲು ಇಪ್ಪತ್ತು ಸಾವಿರದ ಮೇಲೆ ಬೇಕು. ಇಳಿಯದೇ ಇರಲು ಗುಜರಿಯ ಒಂದು ಹಗ್ಗ ಸಾಕು.

ಯಜಮಾನ ಅಂಗಡಿಯ ಮೂಲೆಯಿಂದ ಆ ಹಗ್ಗವನ್ನೇ ಎತ್ತಿಕೊಂಡ. ನಾಲಿಗೆ ತಾನಾಗಿ ಬಾಯಿಯ ಬಲಗಡೆಗೆ ಹೋಯಿತು. ಹೋದ ವಾರದವರೆಗೆ ಅಲ್ಲಿ ಎರಡು ದವಡೆಹಲ್ಲುಗಳಿದ್ದವು. ಷಡ್ಡಕ ಬೀಸಿದ ಕೊಕ್ಕೆಗಳ ಗೊಂಚಲು ಎರಡನ್ನೂ ನೆಲಕ್ಕೆ ಉದುರಿಸಿತ್ತು. ಯಜಮಾನನೂ ಸುಮ್ಮನಿರಲಿಲ್ಲ, ಸುತ್ತಿಗೆಯಲ್ಲಿ ಬಾರಿಸಿ ಅವನ ಕಿವಿ ಹರಿದಿದ್ದ. ಹೆಂಗಸರಿಬ್ಬರು ನಡುವೆ ಬೀಳದಿದ್ದರೆ ಅಂದೇ ಒಂದು ಹೆಣ ಉರುಳುತ್ತಿತ್ತು.

ಅಕ್ಕನನ್ನು ಇವನು, ತಂಗಿಯನ್ನು ಅವನು ಕಟ್ಟಿಕೊಂಡು, ಇಬ್ಬರೂ ಸೇರಿ ಬೆಟ್ಟ ಹತ್ತುವವರಿಗೆ ಸಾಮಾನು ಬಾಡಿಗೆಗೆ ಕೊಡುವ ಅಂಗಡಿ ಹಾಕಿ ಹನ್ನೆರಡು ವರ್ಷ. ಈಗ ಅಂಗಡಿಯ ಹಗ್ಗಗಳು ಕಳ್ಳದಾರಿಯಲ್ಲಿ ಪೇಟೆ ಸೇರುತ್ತಿದ್ದವು. ಕೊಂಡವನೇ ಕುಡಿದ ಮತ್ತಿನಲ್ಲಿ ಬಾಯಿ ಬಿಟ್ಟಿದ್ದ: "ಸರಕು ಕೊಟ್ಟಿದ್ದು ನಿಮ್ಮ ಷಡ್ಡಕನೇ." ಯಜಮಾನ ಕಪಾಟಿನ ಹಗ್ಗಗಳನ್ನು ಎಣಿಸಿ ನೋಡಿದ. ನಲವತ್ತು ಇರಬೇಕು, ನಲವತ್ತೂ ಇದ್ದವು. ಹೇಗೆ ಕದ್ದ ಎಂಬುದು ಬಗೆಹರಿಯಲಿಲ್ಲ. ಕೇಳಿದ್ದಕ್ಕೆ ಉತ್ತರವಾಗಿ ಬಂದದ್ದು ಕೊಕ್ಕೆಗಳ ಗೊಂಚಲು.

ಒಮ್ಮೆ ಬಿದ್ದವನ ಭಾರ ತಡೆದ ಹಗ್ಗದ ಒಳನಾರು ಹರಿದಿರುತ್ತದೆ. ಹೊರಗೆ ಏನೂ ಕಾಣದು. ಅದಕ್ಕೇ ಯಜಮಾನ ಒಂದು ನಿಯಮ ಮಾಡಿದ್ದ: ಒಳ್ಳೆಯ ಹಗ್ಗಕ್ಕೆ ಹಸಿರು ದಾರ, ಕೆಟ್ಟದ್ದಕ್ಕೆ ಕೆಂಪು. ಕೆಂಪು ದಾರದವು ಸಾಮಾನು ಬಿಗಿಯಲು ಲಾರಿಯವರಿಗೆ ಹೋಗುತ್ತಿದ್ದವು. ಹಗ್ಗ ತೊಳೆದು, ಒಣಗಿಸಿ, ದಾರ ಕಟ್ಟಿ ಇಡುವುದು ಷಡ್ಡಕನ ಕೆಲಸ.

ಯಜಮಾನ ಕೆಂಪು ದಾರ ಕತ್ತರಿಸಿ ಹಸಿರು ಕಟ್ಟಿದ. ಹಗ್ಗವನ್ನು ಷಡ್ಡಕನ ಚೀಲದ ತಳಕ್ಕೆ ತುರುಕಿದ. ತನ್ನ ಚೀಲಕ್ಕೆ ಕಪಾಟಿನಿಂದ ಹಸಿರು ದಾರದ ಹಗ್ಗ ಇಟ್ಟುಕೊಂಡ. ಎರಡೂ ಚೀಲ ಹಿರಿಯನೇ ಕಟ್ಟುವುದು ಅಂಗಡಿಯ ಪದ್ಧತಿ.

ಹೆಂಡತಿ ನೀರಿನ ಬಾಟಲಿ ತಂದಿಟ್ಟಳು. "ರಾಜಿ ಆಯ್ತು ತಾನೆ? ಮೇಲೆ ಹೋಗಿ ಮತ್ತೆ ಕೈ ಕೈ ಮಿಲಾಯಿಸಬೇಡಿ. ನನ್ನ ತಂಗಿ ರಾತ್ರಿಯಿಂದ ಅಳ್ತಿದಾಳೆ."

"ಅವನ ಮೈಮೇಲೆ ನಾನು ಒಂದು ಬೆರಳೂ ಇಡಲ್ಲ," ಎಂದ ಯಜಮಾನ.

ಸೀಸನ್ನಿಗೆ ಮುಂಚೆ ಬೆಟ್ಟದ ಬಂಡೆಗೆ ಹೊಡೆದ ಗೂಟಗಳನ್ನು ಇಬ್ಬರೂ ಹೋಗಿ ಪರೀಕ್ಷಿಸಿ ಬರುವುದು ವರ್ಷವರ್ಷದ ಕೆಲಸ. ಈ ಸಲವೂ ಇಬ್ಬರೂ ಹತ್ತಿ ಬಂಡೆಯ ತುದಿ ತಲುಪಿದರು. ಅಲ್ಲಿ ಷಡ್ಡಕ ಚೀಲ ಬಿಚ್ಚಿದ. ಹಗ್ಗದ ತುದಿಯನ್ನು ತಿರುಗಿಸಿ ನೋಡಿದ. ಅವನ ಮುಖ ಬಿಳಿಚಿತು.

"ಭಾವ... ಇದನ್ನ ನೀವೇ ಇಟ್ರಾ?"

"ಇನ್ಯಾರು ಇಡ್ತಾರೆ?"

"ಗೊತ್ತಿದ್ದೇ ಇಟ್ರಾ?"

ಯಜಮಾನನ ಕೈ ಸುತ್ತಿಗೆಯ ಹಿಡಿಗೆ ಹೋಯಿತು. "ಎಲ್ಲಾ ಗೊತ್ತಿದ್ದೇ ಇಟ್ಟಿದೀನಿ. ಇಳೀತೀಯೋ, ಇಳಿಸಲೋ?"

ಷಡ್ಡಕ ಸುತ್ತಿಗೆ ನೋಡಿದ. ಹರಿದ ಕಿವಿ ಮುಟ್ಟಿಕೊಂಡ. "ನೀವು ದೊಡ್ಡವರು ಭಾವ," ಎಂದು ತಲೆ ತಗ್ಗಿಸಿ ಹಗ್ಗ ಬಿಗಿದು ಇಳಿದೇಬಿಟ್ಟ.

ಬಂಡೆಯ ಅಂಚು ಗರಗಸದ ಹಾಗಿತ್ತು. ಅಲ್ಲಿ ಬೇಕೆಂದೇ ಗೋಣಿತಟ್ಟು ಹಾಕಿರಲಿಲ್ಲ. ಹಗ್ಗ ಕಿರಗುಟ್ಟುತ್ತ ಉಜ್ಜಿತು. ಯಜಮಾನ ಉಸಿರು ಬಿಗಿಹಿಡಿದು ಕಾದ. ಇಪ್ಪತ್ತಡಿ. ನಲವತ್ತು. ಅರವತ್ತು. ಹಗ್ಗ ಸಡಿಲವಾಯಿತು. ಕೆಳಗಿನ ಕಲ್ಲುಹಾಸಿನ ಮೇಲೆ ಷಡ್ಡಕ ಎರಡೂ ಕಾಲೂರಿ ನಿಂತಿದ್ದ.

ಪಾಪಿ ಚಿರಾಯು, ಎಂದು ಯಜಮಾನ ಹಲ್ಲು ಕಡಿದ. ಹಲ್ಲಿಲ್ಲದ ಕಡೆ ವಸಡು ಕಚ್ಚಿ ರಕ್ತ ಬಂತು. ಇರಲಿ. ಕೈಯಲ್ಲಿ ಸುತ್ತಿಗೆ ಇದೆ, ಕಲ್ಲುಹಾಸಿನ ಪಕ್ಕದಲ್ಲಿ ಇನ್ನೂ ಇನ್ನೂರು ಅಡಿ ಪ್ರಪಾತವಿದೆ. ಅವನು ತನ್ನ ಹಗ್ಗ ಗೂಟಕ್ಕೆ ಕಟ್ಟಿ ತುದಿಯನ್ನು ಕೆಳಕ್ಕೆ ಬಿಟ್ಟ. ಷಡ್ಡಕ ಆ ತುದಿಯನ್ನೂ ತಿರುಗಿಸಿ ನೋಡಿದ.

"ಭಾವ!" ಕೆಳಗಿನಿಂದ ಕೂಗು. "ಅದು ಬೇಡ! ನನ್ನ ಹಗ್ಗದಲ್ಲೇ ಇಳೀರಿ!"

"ಯಾಕೋ?"

ಷಡ್ಡಕ ತನ್ನ ಹಗ್ಗವನ್ನು ಜಗ್ಗಿ ತೋರಿಸಿದ. "ಹೇಳಿದ್ದು ಕೇಳಿ. ಕೈ ಮುಗೀತೀನಿ. ಮನೆಗೆ ಹೋಗಿ ಎಷ್ಟು ಬೇಕಾದ್ರೂ ಹೊಡೀರಿ. ಈಗ ನನ್ನದರಲ್ಲಿ ಇಳೀರಿ!"

ಯಜಮಾನನಿಗೆ ನಗು ತಡೆಯಲಾಗಲಿಲ್ಲ. ಮೊದಲೇ ಕೆಟ್ಟ ಹಗ್ಗ, ಅಂಚಿಗೆ ಉಜ್ಜಿ ಇನ್ನೂ ಸವೆದ ಹಗ್ಗ. ಅದಕ್ಕೆ ನನ್ನನ್ನು ಕಟ್ಟಿಸುತ್ತಾನಂತೆ!

"ನಾನು ಕಿವಿಗೆ ಹೂ ಇಟ್ಟುಕೊಂಡಿದೀನಾ? ಅದು ನಿನಗೇ ಇರಲಿ ಕಣೋ!"

ಅವನು ತನ್ನ ಹಗ್ಗದಡಿ ಗೋಣಿತಟ್ಟು ಹಾಸಿ, ಅಂಚು ದಾಟಿ ಭಾರ ಬಿಟ್ಟ. ಎಂಟಡಿಯೂ ಇಳಿದಿರಲಿಲ್ಲ. ಕೊಂಬೆ ಮುರಿದಂಥ ಒಂದು ಸದ್ದು. ಬಂಡೆಗೆ ತಲೆ ಬಡಿದು ಹೆಲ್ಮೆಟ್ ಎರಡು ಹೋಳಾಯಿತು. ಷಡ್ಡಕ ಚಾಚಿದ ಕೈಗೆ ಅಂಗಿಯ ತೋಳು ಸಿಕ್ಕಿ ಹರಿದು ಬಂತು. ಮೈ ಉರುಳಿಕೊಂಡು ಪ್ರಪಾತಕ್ಕೆ ಹೋಯಿತು. ಕೊಂಚ ಹೊತ್ತಿನ ಮೇಲೆ ಕೆಳಗಿನಿಂದ ಸದ್ದು ಕೇಳಿಸಿತು.

ಒಂದು ವರ್ಷದಿಂದ ಷಡ್ಡಕ ಒಳ್ಳೆಯ ಹಗ್ಗಗಳಿಗೆ ಕೆಂಪು ದಾರ ಕಟ್ಟಿ, ಗುಜರಿಯ ಹೆಸರಿನಲ್ಲಿ ಹೊರಗೆ ಸಾಗಿಸುತ್ತಿದ್ದ. ಲೆಕ್ಕ ತಪ್ಪದಂತೆ ಕೆಟ್ಟವಕ್ಕೆ ಹಸಿರು ಕಟ್ಟಿ ಕಪಾಟಿನಲ್ಲಿ ಜೋಡಿಸುತ್ತಿದ್ದ. ತನ್ನ ಗುರುತಿಗೆ ಒಳ್ಳೆಯವುಗಳ ತುದಿಯಲ್ಲಿ ಸಣ್ಣದೊಂದು ಮಸಿಚುಕ್ಕೆ ಇಟ್ಟಿರುತ್ತಿದ್ದ. ಭಾವ ಎಲ್ಲ ಕಂಡುಹಿಡಿದು, ಕ್ಷಮಿಸಿ, ತನಗೆ ಒಳ್ಳೆಯ ಹಗ್ಗವನ್ನೇ ಕೊಟ್ಟ ಎಂದು ಅವನು ಇಂದಿಗೂ ನಂಬಿದ್ದಾನೆ. ಅಂದಿನಿಂದ ಒಂದು ಕೊಕ್ಕೆಯನ್ನೂ ಕದ್ದಿಲ್ಲ.