ರಾಹೇಲಮ್ಮನ ಮನೆಯ ಪ್ರಾರ್ಥನೆ

ತಣ್ಣನೆಯ ನೀರು ಪಾದದ ಮೇಲೆ ಬಿದ್ದಾಗ ಸಮುವೇಲಪ್ಪ ಬೆಚ್ಚಿ ನಿಂತರು. ಅವರ ಕೈಯಲ್ಲಿ ಬೈಬಲ್ಲು, ಬೆನ್ನ ಹಿಂದೆ ಪ್ರಾರ್ಥನೆಗೆ ಬಂದ ಇಪ್ಪತ್ತು ಜನ. ಮುಂದೆ ಮನೆಯ ಯಜಮಾನ ಪುಟ್ಟಮಾದಯ್ಯ ಬಗ್ಗಿಕೊಂಡು, ಚೊಂಬಿನಿಂದ ನೀರು ಹುಯ್ಯುತ್ತ ಅವರ ಪಾದ ಉಜ್ಜುತ್ತಿದ್ದ. ದೇವರ ಹೆಸರು ಹೇಳಿಕೊಂಡು ಬಂದವರಿಗೆ ಮಾಡುವ ಮರ್ಯಾದೆಯಲ್ಲಿ ಅವನಿಗೆ ಗೊತ್ತಿದ್ದದ್ದು ಅದೊಂದೇ.

ಬಾಗಿಲಲ್ಲಿದ್ದ ಹೆಂಡತಿ ರಾಹೇಲಮ್ಮನ ಮುಖ ಬಾಡಿತು. ಹಿಂದೂ ಗಂಡನನ್ನು ಮಾಡಿಕೊಂಡಳೆಂದು ಚರ್ಚಿನ ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದವರು ಚರ್ಚಿನ ಹಿರಿಯರಾದ ಇದೇ ಸಮುವೇಲಪ್ಪ. ಉಮ್ಮತ್ತೂರಿನ ಎಲ್ಲ ಕ್ರೈಸ್ತರ ಮನೆಗೂ ಹೋಗುವ ಶುಕ್ರವಾರದ ಪ್ರಾರ್ಥನೆ, ಹೊಸ ಪಾದ್ರಿಗಳ ಒತ್ತಾಯದಿಂದ, ಇಪ್ಪತ್ತೆರಡು ವರ್ಷದ ಮೇಲೆ ಇವತ್ತು ಇಲ್ಲಿಗೆ ಬಂದಿತ್ತು. ಹೊಸ್ತಿಲಿಂದಲೇ ವಾಪಸ್ಸು ಹೋಗಿಬಿಟ್ಟರೆ?

"ಅಯ್ಯೋ, ನಮ್ಮೋರಲ್ಲಿ ಇವೆಲ್ಲ ಮಾಡಕಿಲ್ಲ, ಬುಡಿ!" ಎಂದು ಗಂಡನನ್ನು ತಡೆದಳು.

"ಯಾಕಮ್ಮಿ, ನಿಮ್ಮೋರು ಕೊಳೆ ಕಾಲಲ್ಲೇ ಒಳಿಕ್ಕೆ ಬತ್ತಾರಾ?" ಎಂದ ಪುಟ್ಟಮಾದಯ್ಯ.

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಸಮುವೇಲಪ್ಪ ನಗಲಿಲ್ಲ. ಬೈಬಲ್ಲನ್ನು ರಾಹೇಲಮ್ಮನ ಕೈಗೆ ಕೊಟ್ಟು, ಮಂಡಿ ಹಿಡಿದುಕೊಂಡು ನಿಧಾನವಾಗಿ ಕುಕ್ಕರಿಸಿ, ಚೊಂಬು ಕಸಿದುಕೊಂಡರು.

"ಇದು ಯೇಸುಸ್ವಾಮಿ ಶಿಷ್ಯರ ಕಾಲು ತೊಳ್ದು ನಮ್ಗೆ ಏಳ್ಕೊಟ್ಟ ಕೆಲ್ಸ ಕಣಪ್ಪ. ನಾನು ಮಾಡ್ಲಿಲ್ಲ, ನೀನು ಮಾಡ್ಬುಟ್ಟೆ. ಕಾಲು ನೀಡು."

ಅರಿಶಿನದ ಹೊಲಕ್ಕೆ ನೀರು ಕಟ್ಟುತ್ತಿದ್ದ ಪುಟ್ಟಮಾದಯ್ಯ ಹಾಗೇ ಓಡಿ ಬಂದಿದ್ದ. ಮೊಣಕಾಲಿನ ತನಕ ಕೆಸರು.

"ಆ ಕಾಲ್ಗೆ ಚೊಂಬು ಸಾಲಕಿಲ್ಲ ದೊಡ್ಡಪ್ಪ, ತಡೀರಿ, ಬಿಂದಿಗೆ ತತ್ತೀನಿ!" ಎಂದು ರಾಹೇಲಮ್ಮ ಬೈಬಲ್ಲನ್ನು ಎದೆಗೊತ್ತಿಕೊಂಡು ನಗುತ್ತ ಒಳಗೆ ಓಡಿದಳು.