ಬೀರಪ್ಪನ ಗುಡಿತನಕ

“ಎದಿ ಹಿಡಿಯೂದ್ರೊಳಗ ಎಲ್ಲಿತನಕ ನಡೀತೀರಿ, ಲಗಮಣ್ಣಾರ?” ಜಮಖಂಡಿಯ ಡಾಕ್ಟರ್ ಚಿದಾನಂದ ಪ್ರತಿ ವರ್ಷದಂತೆ ಕೇಳಿದರು.

“ಬೀರಪ್ಪನ ಗುಡಿತನಕರಿ. ನಡುವ ಎಲ್ಲೂ ನಿಲ್ಲೂದಿಲ್ಲ,” ಎಂದ ಮುದುಕ, ಮೀಸೆ ತೀಡುತ್ತ.

ಡಾಕ್ಟರಿಗೆ ಸಮಾಧಾನವಾಯಿತು. ಹೃದಯದ ರಕ್ತನಾಳ ಕಟ್ಟುತ್ತ ಬಂದಂತೆ ಮನುಷ್ಯ ನಡೆಯುವ ದಾರಿ ಕುಗ್ಗುತ್ತ ಬರುತ್ತದೆ. ಲಗಮಣ್ಣನ ದಾರಿ ಮಾತ್ರ ಮೊದಲ ಸಲ ಬಂದಾಗ ಎಷ್ಟಿತ್ತೋ ಅಷ್ಟೇ ಇತ್ತು. ಊರ ಹೊರಗೆ, ಹಳ್ಳದಾಚೆಯ ದಿನ್ನೆಯ ಮೇಲಿದ್ದ ಆ ಗುಡಿಯನ್ನು ಅವರು ಬಲ್ಲರು. ಹಿಂದೊಮ್ಮೆ ಆರೋಗ್ಯ ಶಿಬಿರಕ್ಕೆ ಹೋದಾಗ ಹತ್ತಿ, ತಾವೇ ಏದುಸಿರು ಬಿಟ್ಟಿದ್ದರು.

“ಹಂಗಾರ ಅದ ಗುಳಿಗಿ ಸಾಕು. ಆಪರೇಶನ್ ಅಂತ ಬೆಳಗಾವಿಗೆ ಹೋಗೂದು ಬ್ಯಾಡ.”

ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಯಲ್ಲಕ್ಕನಿಗೆ ನಗು ತಡೆಯಲಿಲ್ಲ. “ಅದೇನ ದೊಡ್ಡ ಶೂರತನರಿ? ಊರು ಡ್ಯಾಮಿನ ನೀರಾಗ ಹೋದ ಮ್ಯಾಲ ದೇವರನ್ನೂ ಹೊಸ ಊರಿಗೆ ತಂದೀವಲ್ಲ. ಈಗ ಬೀರಪ್ಪ ನಮ್ಮ ಅಂಗಳದ ಎದುರಿಗೇ ಅದಾನ.”

ಡಾಕ್ಟರ ಪೆನ್ನು ನಿಂತಿತು. “ಮುಳುಗಡಿಯೊಳಗ ನಿಮ್ಮೂರೂ ಹೋಗಿದ್ದು ನನ್ನ ಲಕ್ಷ್ಯಕ್ಕ ಬರಲಿಲ್ಲ. ನೀವರ ಹೇಳಬಾರದನ?”

“ದೇವರು ಅವನ ಅಲ್ಲರಿ?” ಲಗಮಣ್ಣ ನೆಲ ನೋಡಿದ.

“ಕಣ್ಣು ಮುಚ್ಚರಿ. ಹಳೇ ಮನಿಯಿಂದ ಗುಡಿಗೆ ಹೊಂಡ್ರಿ,” ಎಂದರು ಡಾಕ್ಟರು.

ಕಣ್ಣು ಮುಚ್ಚಿದ್ದೇ ತಡ, ಮುದುಕನ ಮುಖ ಅರಳಿತು. “ಕಟ್ಟಿ ಇಳದೆ. ಓಣಿ ದಾಟಿದೆ. ಬೇವಿನ ಗಿಡದ ಕೆಳಗ ಕಂಬಳಿಗೆ ಉಣ್ಣಿ ಹಿಂಜಾಕತ್ತಾರ. ಬಾವ್ಯಾಗ ಹುಡುಗೂರು ಈಸಾಕತ್ತಾವ, ಏನ್ ಗದ್ದಲರಿ! ಹಳ್ಳದಾಗ ಪಾದ ತೊಯ್ಯೂವಷ್ಟ ನೀರು. ದಿನ್ನಿ ಮ್ಯಾಲಿಂದ ಡೊಳ್ಳು ಕೇಳಾಕತ್ತೈತಿ...”

ಯಲ್ಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅದು ಅವತ್ತಿನ ಎದಿ, ಯಜಮಾನರ,” ಡಾಕ್ಟರ ದನಿ ಮೆತ್ತಗಾಯಿತು. “ಇವತ್ತಿನ ಎದಿ ತಗೊಂಡು ಹೊಂಡ್ರಿ. ಎಲ್ಲಿ ಹಿಡೀತೈತಿ, ಖರೆ ಹೇಳ್ರಿ.”

ಲಗಮಣ್ಣ ಮತ್ತೆ ಕಟ್ಟೆ ಇಳಿದ. ಕಣ್ಣು ಮುಚ್ಚಿಯೇ ಇತ್ತು. ಕೈ ತಾನಾಗಿ ಎದೆಯ ಮೇಲೆ ಹೋಯಿತು.

“ಹಾಲವ್ವನ ಬಾಗಲದಾಗ ಕುಂತೇನ್ರಿ.”

“ಅದೆಷ್ಟು ದೂರ?” ಡಾಕ್ಟರು ಯಲ್ಲಕ್ಕನ ಕಡೆ ತಿರುಗಿದರು.

ಅವಳ ಮುಖದಲ್ಲಿ ನಗುವಿರಲಿಲ್ಲ. “ಬಾಜೂ ಮನಿರಿ,” ಎಂದಳು. “ಅವರಿಗೂ ನಮಗೂ ಒಂದ ಗ್ವಾಡಿ.”